ಸಣ್ಣ ಅಂಗಳಕ್ಕೊಂದು ಹಕ್ಕಿಮರ: ಚಿಕ್ಕಮಗಳೂರಿನ ನರ್ಸರಿಗಳಲ್ಲಿ ಸಿಗುವ ಸಸಿಗಳ ವಿಮರ್ಶೆ

ಚಿಕ್ಕಮಗಳೂರಿನ ಯಾವ ನರ್ಸರಿಗೆ ಹೋಗಿ ಹಕ್ಕಿ ಬರುವಂಥ ಮರದ ಸಸಿ ಕೇಳಿದರೂ ಬಹುತೇಕ ಕಡೆ ಮೊದಲು ತೋರಿಸುವುದು ಗಸಗಸೆ ಹಣ್ಣಿನ ಗಿಡವನ್ನು. ಆ ಸಲಹೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಕಾರು ನಿಲ್ಲಿಸಲು ಜಾಗ ಬಿಟ್ಟು, ಸಂಪು ತೋಡಿಸಿ, ಉಳಿದ ಹತ್ತು ಹದಿನೈದು ಅಡಿಯಲ್ಲಿ ಒಂದು ಅಥವಾ ಹೆಚ್ಚೆಂದರೆ ಎರಡು ಮರ ಬೆಳೆಸಬೇಕೆಂದುಕೊಂಡವರಿಗೆ ಅದು ಅರ್ಧ ಸಲಹೆ ಮಾತ್ರ. ಕೆಲವು ವರ್ಷಗಳಿಂದ ಊರಿನ ಎರಡು ಖಾಸಗಿ ನರ್ಸರಿಗಳಿಂದ, ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ಮತ್ತು ಮಳೆಗಾಲದಲ್ಲಿ ಬೀದಿಗೆ ಬರುವ ಗಾಡಿಯವರಿಂದ ಸಸಿಗಳನ್ನು ಕೊಂಡು, ನಮ್ಮ ಹಿತ್ತಲಿನಲ್ಲೂ ತಂಗಿಯ ಮನೆಯ ಅಂಗಳದಲ್ಲೂ ನೆಟ್ಟು ಬೆಳೆಸಿದ ಅನುಭವದ ಮೇಲೆ, ಯಾವ ಸಸಿ ಕೊಟ್ಟ ಹಣಕ್ಕೂ ಕೊಟ್ಟ ಜಾಗಕ್ಕೂ ತಕ್ಕುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಮರಕ್ಕೆ ಜಾಗವಿದ್ದರೆ, ತುದಿ ಮುರಿಯದೆ ಮರವಾಗಲು ಬಿಟ್ಟ ಕರಿಬೇವು. ಎರಡಕ್ಕೆ ಜಾಗವಿದ್ದರೆ ಅದರ ಜೊತೆಗೆ ಹಿಪ್ಪುನೇರಳೆ. ಗಸಗಸೆ ಮೂರನೆಯದು, ಅದೂ ಮನೆಯ ಗೋಡೆಯಿಂದ ದೂರದಲ್ಲಿ ಜಾಗವಿರುವವರಿಗೆ.

ಈ ಊರಿನಲ್ಲಿ ಹಕ್ಕಿಗಳಿಗೆ ಬರವಿಲ್ಲ. ಊರಿನ ಸುತ್ತಲಿನ ಕಾಫಿ ತೋಟಗಳಲ್ಲಿ ಅತ್ತಿ, ಬಸರಿ, ಗೋಣಿ ಮರಗಳನ್ನು ನೆರಳಿಗಾಗಿ ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದರಿಂದ ಕುಟ್ರು ಹಕ್ಕಿ, ಪಿಕಳಾರ, ಕೋಗಿಲೆ, ಗೊರವಂಕಗಳು ಇಲ್ಲಿನ ಬಡಾವಣೆಗಳ ಮೇಲೆ ದಿನವೂ ಹಾರಾಡುತ್ತಲೇ ಇರುತ್ತವೆ. ಮುಳ್ಳಯ್ಯನಗಿರಿಯ ತಪ್ಪಲಿನ ಕಡೆಯ ಮನೆಗಳಲ್ಲಂತೂ ಕುಟ್ರುವಿನ ಕೂಗು ಕೇಳದ ಬೆಳಗು ಕಡಿಮೆ. ಹೀಗಾಗಿ ನಮ್ಮ ಅಂಗಳದ ಮರ ಹಕ್ಕಿಗಳನ್ನು ಎಲ್ಲಿಂದಲೋ ಕರೆತರಬೇಕಾಗಿಲ್ಲ, ಹಾದುಹೋಗುವವುಗಳನ್ನು ಇಳಿಸಿಕೊಂಡು ಸ್ವಲ್ಪ ಹೊತ್ತು ಉಳಿಸಿಕೊಂಡರೆ ಸಾಕು. ಸಸಿ ಆರಿಸುವಾಗ ಇದನ್ನು ನೆನಪಿನಲ್ಲಿಟ್ಟುಕೊಂಡರೆ ಅತ್ತಿ ಅಥವಾ ಬಸರಿಯಂಥ ದೊಡ್ಡ ಮರವನ್ನು ಕಿಷ್ಕಿಂಧೆಯಂಥ ಜಾಗದಲ್ಲಿ ತುರುಕುವ ಆಸೆ ತಾನಾಗಿ ಕಡಿಮೆಯಾಗುತ್ತದೆ. ಹಕ್ಕಿಗಳ ದೃಷ್ಟಿಯಿಂದ ಆ ಜಾತಿಯ ಮರಗಳಿಗೆ ಸಮನಾದುದು ಇಲ್ಲವೆಂಬುದು ನಿಜ. ಆದರೆ ಅವುಗಳ ಬೇರು ಸಂಪು, ಪಾಯ, ಚರಂಡಿ ಯಾವುದನ್ನೂ ಬಿಡುವುದಿಲ್ಲ. ಅವುಗಳ ಜಾಗ ತೋಟ, ಕೆರೆಯಂಗಳ, ದೇವಸ್ಥಾನದ ಬಯಲು.

ಸಣ್ಣ ಜಾಗದ ಮರಕ್ಕೆ ಹಕ್ಕಿಯ ಕಡೆಯಿಂದ ಕೆಲವು ಬೇಡಿಕೆಗಳಿವೆ, ಮನೆಯವರ ಕಡೆಯಿಂದ ಕೆಲವು. ಮನೆಯವರಿಗೆ ಬೇಕಾದುದು ಸರಳ: ಇಪ್ಪತ್ತು ಅಡಿ ದಾಟದ ಎತ್ತರ, ಗೋಡೆಯನ್ನು ಕೆಡಿಸದ ಬೇರು, ಮಳೆಗಾಲದ ಗಾಳಿಗೆ ಮುರಿದು ಪಕ್ಕದ ಮನೆಯ ಶೀಟಿನ ಮೇಲೆ ಬೀಳದ ಕೊಂಬೆ. ಹಕ್ಕಿಯ ಬೇಡಿಕೆ ಇದಕ್ಕಿಂತ ಸೂಕ್ಷ್ಮವಾದುದು, ನರ್ಸರಿಯವರು ಸಾಮಾನ್ಯವಾಗಿ ಮರೆಯುವುದೂ ಅದನ್ನೇ. ಹಣ್ಣು ಬಿಡುವ ಮರವೆಲ್ಲ ಹಕ್ಕಿಯ ಮರವೆಂದು ಅವರು ತಿಳಿಯುತ್ತಾರೆ. ಆದರೆ ವರ್ಷವಿಡೀ ಹಣ್ಣು ತಿನ್ನುವ ಪಿಕಳಾರವೂ ಗೂಡಿನಲ್ಲಿ ಮರಿಯಿರುವಾಗ ಹುಳುಗಳನ್ನು ಹುಡುಕಿಕೊಂಡು ಹೋಗುತ್ತದೆ. ಮಕರಂದ ಹೀರುವ ಸೂರಕ್ಕಿಯೂ ಮರಿಗಳಿಗೆ ಜೇಡ, ಕೀಟಗಳನ್ನೇ ತಂದುಕೊಡುತ್ತದೆ. ಎಲೆಯನ್ನು ಯಾವ ಹುಳುವೂ ಮುಟ್ಟದ ಮರ ನೋಡಲು ಎಷ್ಟೇ ಚೊಕ್ಕಟವಾಗಿದ್ದರೂ ಮರಿ ಸಾಕುವ ಹಕ್ಕಿಗೆ ಅಲ್ಲಿ ಏನೂ ಸಿಗುವುದಿಲ್ಲ. ಹಣ್ಣಿನ ಗಾತ್ರದ ಮಾತೂ ಇದೆ. ಪಿಕಳಾರ ಬಾಯಿ ತೆರೆದು ಇಡಿಯಾಗಿ ನುಂಗಬಲ್ಲುದು ಸುಮಾರು ಒಂದು ಸೆಂಟಿಮೀಟರ್ ದಪ್ಪದ ಹಣ್ಣನ್ನು. ಸೀಬೆ, ಸಪೋಟದಂಥ ದೊಡ್ಡ ಹಣ್ಣಾದರೆ ಕುಟ್ರು ಅಥವಾ ಗಿಳಿ ಬಂದು ಸಿಪ್ಪೆ ಹರಿಯುವ ತನಕ ಸಣ್ಣ ಹಕ್ಕಿಗಳು ಕಾಯಬೇಕಾಗುತ್ತದೆ, ಅಷ್ಟರಲ್ಲಿ ಮನೆಯವರೇ ಕೊಯ್ದುಕೊಂಡಿರುತ್ತಾರೆ.

ಮೊದಲು ಗಸಗಸೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಮಾರಾಟವಾಗುವುದರಲ್ಲಿ ಅದೇ ಮುಂದು. ಇದು ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಮರ. ಹಣ್ಣನ್ನು ಹಿಚುಕಿದರೆ ಒಳಗೆ ಗಸಗಸೆಯಂಥ ಸಾವಿರಾರು ಬೀಜಗಳು ಕಾಣುವುದರಿಂದ ನಮ್ಮಲ್ಲಿ ಈ ಹೆಸರು ನಿಂತಿದೆ. ಬೆಳವಣಿಗೆಯ ವೇಗದಲ್ಲಿ ಇದನ್ನು ಮೀರಿಸುವ ಸಸಿ ನರ್ಸರಿಯಲ್ಲಿಲ್ಲ. ಮೊಣಕಾಲೆತ್ತರದ ಗಿಡ ನೆಟ್ಟರೆ ಎರಡನೆಯ ವರ್ಷದೊಳಗೆ ಹಣ್ಣು ಕಾಣುತ್ತದೆ, ಆಮೇಲೆ ಹೂವು ಹಣ್ಣು ಎರಡೂ ಹೆಚ್ಚು ಕಡಿಮೆ ವರ್ಷವಿಡೀ ಇರುತ್ತವೆ. ತಂಗಿಯ ಅಂಗಳದ ಮರಕ್ಕೆ ಬರುವ ಹಕ್ಕಿಗಳ ಸಾಲಿನಲ್ಲಿ ಮೊದಲ ಹೆಸರು ಬದನಿಕೆ ಹಕ್ಕಿಯದು. ಹೆಬ್ಬೆರಳಿನಷ್ಟೇ ಇರುವ, ಬಣ್ಣದಲ್ಲಿ ಯಾರ ಗಮನವನ್ನೂ ಸೆಳೆಯದ ಈ ಹಕ್ಕಿ ಚಿಕ್ ಚಿಕ್ ಎಂದು ಬಿಡದೆ ಸದ್ದು ಮಾಡುತ್ತ, ಕೆಂಪಾದ ಹಣ್ಣನ್ನು ಕೊಕ್ಕಿನಲ್ಲಿ ಹಿಂಡಿ ರಸವನ್ನು ಒಳಗೆ ತೆಗೆದುಕೊಂಡು ಸಿಪ್ಪೆಯನ್ನು ಕೆಳಗೆ ಬಿಡುತ್ತದೆ. ಪಿಕಳಾರ, ಕೋಗಿಲೆ, ಕುಟ್ರು, ಬೆಳ್ಗಣ್ಣ, ಅಳಿಲು ಎಲ್ಲವೂ ಅಲ್ಲಿಗೆ ಬರುತ್ತವೆ. ಕಡಿಮೆ ಸಮಯದಲ್ಲಿ ಹೆಚ್ಚು ಹಕ್ಕಿ ಬೇಕೆನ್ನುವವರಿಗೆ ಇದಕ್ಕಿಂತ ಉತ್ತಮ ಉತ್ತರವಿಲ್ಲ ಎಂಬುದನ್ನು ನಾನು ಪೂರ್ತಿ ಮನಸ್ಸಿನಿಂದ ಒಪ್ಪುತ್ತೇನೆ.

ಆದರೂ ಸಣ್ಣ ಅಂಗಳದ ಒಂದೇ ಮರವಾಗಿ ಅದನ್ನು ಸೂಚಿಸಲು ನನಗೆ ಮನಸ್ಸು ಬರುವುದಿಲ್ಲ. ಗಸಗಸೆಯ ಕೊಂಬೆಗಳು ಮೇಲಕ್ಕೆ ಹೋಗುವುದಕ್ಕಿಂತ ಅಡ್ಡಡ್ಡಲಾಗಿ ಛತ್ರಿಯ ಹಾಗೆ ಹರಡುತ್ತವೆ. ಮೂರು ನಾಲ್ಕು ವರ್ಷಗಳಲ್ಲಿ ಕಾಂಪೌಂಡನ್ನು ದಾಟಿ ರಸ್ತೆಯ ಮೇಲೂ ಪಕ್ಕದವರ ತಾರಸಿಯ ಮೇಲೂ ಚಾಚಿಕೊಳ್ಳುತ್ತವೆ. ಮರ ಮೆದು, ಬೇರು ಆಳವಿಲ್ಲ. ಪುನರ್ವಸು, ಪುಷ್ಯ ಮಳೆಗಳಲ್ಲಿ ಬೀಸುವ ಗಾಳಿಗೆ ಕೊಂಬೆ ಸೀಳುವುದು ಸಾಮಾನ್ಯ. ಉದುರಿದ ಹಣ್ಣು ಅಂಗಳದಲ್ಲಿ ಅಂಟಂಟಾಗಿ ಬಿದ್ದು ಇರುವೆ, ನೊಣಗಳನ್ನು ಕರೆಯುತ್ತದೆ. ರಾತ್ರಿ ಬಾವಲಿಗಳು ಬರುತ್ತವೆ. ಅವು ಬರುವುದು ಮರದ ಮಟ್ಟಿಗೆ ಒಳ್ಳೆಯದೇ, ಬೀಜ ಪ್ರಸಾರದಲ್ಲಿ ಅವುಗಳ ಪಾಲು ದೊಡ್ಡದು. ಆದರೆ ಹೊಸದಾಗಿ ಸುಣ್ಣ ಬಣ್ಣ ಮಾಡಿಸಿದ ಗೋಡೆಯ ಮೇಲೆ ಬೀಳುವ ಕಲೆಯನ್ನು ಮನೆಯವರೆಲ್ಲರೂ ಒಂದೇ ರೀತಿ ಸಹಿಸುವುದಿಲ್ಲ. ಹಿಕ್ಕೆಯಲ್ಲಿ ಬಿದ್ದ ಬೀಜಗಳು ಚರಂಡಿಯ ಬಿರುಕು, ತಾರಸಿಯ ನೀರು ಹೋಗುವ ಪೈಪಿನ ಬಾಯಿ, ಹಳೆಯ ಹೆಂಚಿನ ಸಂದು ಎಲ್ಲೆಂದರಲ್ಲಿ ಮೊಳೆಯುತ್ತವೆ. ಕಾಲು ಎಕರೆ ಹಿತ್ತಲಿರುವವರಿಗೆ ಇವು ಯಾವುವೂ ತೊಂದರೆಗಳಲ್ಲ. ಹತ್ತು ಅಡಿ ಜಾಗದವರು ನಾಲ್ಕನೆಯ ವರ್ಷಕ್ಕೆ ಕೊಡಲಿ ಹುಡುಕುತ್ತಾರೆ, ಅಷ್ಟರಲ್ಲಿ ಅಲ್ಲಿಗೆ ಬರುವುದನ್ನು ಅಭ್ಯಾಸ ಮಾಡಿಕೊಂಡ ಹಕ್ಕಿಗಳು ಅನಾಥವಾಗುತ್ತವೆ.

ಕಡಿಯುವ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ನಗರ ಪ್ರದೇಶಗಳಲ್ಲಿ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ ನಮ್ಮ ಸ್ವಂತ ಅಂಗಳದ ಮರವೆಂಬುದು ತಾನಾಗಿ ವಿನಾಯಿತಿಯಲ್ಲ. ಈಗ ಚೀಲದಲ್ಲಿರುವ ಗಿಡ ಇಪ್ಪತ್ತು ವರ್ಷದ ಮೇಲೆ ಎಷ್ಟು ಜಾಗ ತೆಗೆದುಕೊಳ್ಳುತ್ತದೆ ಎಂದು ನೆಡುವ ದಿನವೇ ಲೆಕ್ಕ ಹಾಕುವುದು ಹೀಗಾಗಿ ಅಗತ್ಯ.

ಹಿಪ್ಪುನೇರಳೆಯನ್ನು ಹಕ್ಕಿಮರವೆಂದು ಯಾರೂ ಮಾರುವುದಿಲ್ಲ, ಕೆಲವು ನರ್ಸರಿಗಳಲ್ಲಿ ಅದು ಇರುವುದೇ ಇಲ್ಲ. ಇದ್ದ ಕಡೆಯಲ್ಲಿ ಅದನ್ನು ಮಲ್ಬೆರಿ ಎಂಬ ಹೆಸರಿನಲ್ಲಿ ಹಣ್ಣಿನ ಗಿಡಗಳ ಸಾಲಿನಲ್ಲಿಟ್ಟು ಹೆಚ್ಚಿನ ಬೆಲೆ ಹೇಳುತ್ತಾರೆ. ಅಷ್ಟು ಕೊಡುವ ಅಗತ್ಯವಿಲ್ಲ. ಪಕ್ಕದ ಹಾಸನ ಜಿಲ್ಲೆಯಲ್ಲಿ ರೇಷ್ಮೆ ಬೆಳೆಗಾರರಿದ್ದಾರೆ, ಕಡೂರಿನ ಕಡೆಯೂ ಇದ್ದಾರೆ. ಪೆನ್ಸಿಲಿಗಿಂತ ಸ್ವಲ್ಪ ದಪ್ಪನೆಯ, ಬಲಿತ ಕಡ್ಡಿಯನ್ನು ಒಂದು ಗೇಣಿನಷ್ಟು ಕತ್ತರಿಸಿ ಮಳೆಗಾಲದ ಆರಂಭದಲ್ಲಿ ಊರಿದರೆ ಬೇರು ಬಿಡುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಿಪ್ಪುನೇರಳೆಯಲ್ಲಿ ಗಂಡು ಗಿಡಗಳೂ ಇರುತ್ತವೆ, ಅವು ಹಣ್ಣು ಕೊಡುವುದಿಲ್ಲ; ಆದ್ದರಿಂದ ಹಣ್ಣು ಬಿಟ್ಟದ್ದನ್ನು ಕಣ್ಣಾರೆ ಕಂಡ ಗಿಡದಿಂದಲೇ ಕಡ್ಡಿ ತರಬೇಕು. ಸಣ್ಣ ಜಾಗಕ್ಕೆ ಇದು ಒಗ್ಗುವುದಕ್ಕೆ ಕಾರಣ ಅದರ ಗುಣದಲ್ಲೇ ಇದೆ: ಎಷ್ಟು ಕತ್ತರಿಸಿದರೂ ಚಿಗುರುತ್ತದೆ, ಚಿಗುರಿನ ಜೊತೆಗೇ ಕಾಯಿ ಕಟ್ಟುತ್ತದೆ. ಹತ್ತು ಅಡಿಗೆ ತಡೆದು ನಿಲ್ಲಿಸಿದರೂ ಹಣ್ಣಿಗೆ ಕೊರತೆಯಾಗುವುದಿಲ್ಲ. ಹಣ್ಣು ಕಪ್ಪಾಗುವ ದಿನಗಳಲ್ಲಿ ಬೆಳಗಿನ ಹೊತ್ತು ಬೆಳ್ಗಣ್ಣಗಳ ಗುಂಪೊಂದು ಎಲೆಗಳ ಒಳಗೇ ಸುಳಿದಾಡುತ್ತದೆ, ಕೊಂಬೆ ಅಲುಗಿದಾಗ ಮಾತ್ರ ಅವು ಇರುವುದು ತಿಳಿಯುತ್ತದೆ. ಅಗಲವಾದ ಎಲೆಗಳಿರುವುದರಿಂದ ಟುವ್ವಿ ಹಕ್ಕಿ ಗೂಡು ಹೊಲಿಯಲು ಇದನ್ನು ಬಳಸಿಕೊಳ್ಳುತ್ತದೆ. ದೋಷವೆಂದರೆ ನೇರಳೆ ಬಣ್ಣದ ಕಲೆ. ಬಟ್ಟೆ ಒಣಹಾಕುವ ತಂತಿಯಿಂದ ಮತ್ತು ಕಾರು ನಿಲ್ಲಿಸುವ ಜಾಗದಿಂದ ದೂರ ನೆಡುವುದು ಒಳ್ಳೆಯದು.

ಇನ್ನು ಕರಿಬೇವು. ಸಾರಿನ ಒಗ್ಗರಣೆಯ ಆಚೆಗೆ ಈ ಗಿಡವನ್ನು ನಾವು ನೋಡಿಯೇ ಇಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಚಿಕ್ಕಮಗಳೂರಿನಲ್ಲಿ ಕರಿಬೇವಿಲ್ಲದ ಹಿತ್ತಲು ಅಪರೂಪ; ಆದರೆ ಹಣ್ಣು ಬಿಟ್ಟ ಕರಿಬೇವಿರುವ ಹಿತ್ತಲೂ ಅಷ್ಟೇ ಅಪರೂಪ, ಏಕೆಂದರೆ ಎಲೆ ಬೇಕಾದಾಗಲೆಲ್ಲ ತುದಿ ಮುರಿಯುವ ಅಭ್ಯಾಸ ಎಲ್ಲರಿಗೂ ಇದೆ. ಹೂವು ಬರುವುದು ಕೊಂಬೆಯ ತುದಿಯಲ್ಲಿ. ತುದಿ ಮುರಿಯುತ್ತಲೇ ಇದ್ದರೆ ಗಿಡ ಪೊದೆಯಾಗುತ್ತದೆ, ಹೂವಿನ ಹಂತಕ್ಕೆ ಬರುವುದೇ ಇಲ್ಲ. ಕೆಳಗಿನ ಕೊಂಬೆಗಳನ್ನು ಅಡುಗೆಮನೆಗೆ ಬಿಟ್ಟು ಮೇಲಿನವನ್ನು ಮುಟ್ಟದೆ ಬಿಟ್ಟರೆ, ಬೀಜದ ಸಸಿಯಾದರೂ ಮೂರು ನಾಲ್ಕು ವರ್ಷಗಳಲ್ಲಿ ಹದಿನೈದು ಅಡಿಯ ಹತ್ತಿರ ಬಂದು, ಬೇಸಿಗೆಯ ಕೊನೆಯ ಮಳೆಗಳ ಹೊತ್ತಿಗೆ ತುದಿತುದಿಯಲ್ಲಿ ಬಿಳಿಯ ಹೂಗೊಂಚಲು ಬಿಡುತ್ತದೆ. ಆ ಹೂವಿನ ಮೇಲೆ ತುಡುವೆ ಜೇನು, ಮುಜಂಟಿ ಜೇನು, ಸಣ್ಣ ಸಣ್ಣ ನೊಣಗಳು ಬೆಳಗಿನಿಂದ ಮುತ್ತಿರುತ್ತವೆ. ಅವುಗಳನ್ನು ಹಿಡಿಯಲು ಕಾಜಾಣ ಪಕ್ಕದ ತಂತಿಯ ಮೇಲೆ ಕೂರುತ್ತದೆ.

ಮುಂಗಾರಿನ ಮೊದಲ ಭಾಗದಲ್ಲಿ ಹಣ್ಣಾಗುವಾಗ ಈ ಮರವನ್ನು ಹತ್ತಿರದಿಂದ ನೋಡಬೇಕು. ಗೊಂಚಲಿನ ಎಲ್ಲ ಕಾಯಿಗಳೂ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ನಸುಗೆಂಪಿಗೆ ತಿರುಗಿದ್ದು, ಹೊಳೆಯುವ ಕಪ್ಪು ಹಣ್ಣು ಮೂರೂ ಇರುತ್ತವೆ. ಇದರಿಂದ ಹಕ್ಕಿಗಳಿಗೆ ಒಂದೇ ದಿನದ ಔತಣ ಮುಗಿದುಹೋಗದೆ ವಾರಗಟ್ಟಲೆ ಪ್ರತಿದಿನ ಸ್ವಲ್ಪ ಸ್ವಲ್ಪ ಸಿಗುತ್ತದೆ. ಹಣ್ಣಿನ ಗಾತ್ರ ಪಿಕಳಾರದ ಬಾಯಿಗೆ ಅಳತೆ ಮಾಡಿದಂತಿದೆ. ಕೆಮ್ಮೀಸೆ ಪಿಕಳಾರ ಗೊಂಚಲಿನ ಕಾವಿಗೆ ತೂಗುಹಾಕಿಕೊಂಡು, ತಲೆಯನ್ನು ಓರೆ ಮಾಡಿ, ಕಪ್ಪು ಹಣ್ಣನ್ನೇ ಆರಿಸಿ ಕಿತ್ತು, ಕೊಕ್ಕಿನಲ್ಲಿ ಒಮ್ಮೆ ತಿರುಗಿಸಿ ನುಂಗುತ್ತದೆ. ಕೆಂಪಾದುದನ್ನು ಮುಟ್ಟಿದರೂ ಬಿಟ್ಟುಬಿಡುತ್ತದೆ. ಹೆಣ್ಣು ಕೋಗಿಲೆ ಸದ್ದಿಲ್ಲದೆ ಮರದ ಒಳಗೆ ಸೇರಿಕೊಂಡು ಬಹಳ ಹೊತ್ತು ತಿನ್ನುತ್ತ ಕೂರುತ್ತದೆ, ಅದರ ಚುಕ್ಕೆಚುಕ್ಕೆ ಮೈ ಎಲೆಗಳ ನೆರಳಿನಲ್ಲಿ ಕಾಣುವುದೇ ಇಲ್ಲ. ಗಂಡು ಬಂದರೆ ಪಿಕಳಾರಗಳು ಗಲಾಟೆ ಮಾಡುತ್ತವೆ. ಕುಟ್ರು ಕಡಿಮೆ ಬರುತ್ತದೆ, ಬಂದರೆ ಒಂದೇ ಕಡೆ ಕೂತು ಕೈಗೆಟುಕುವ ಗೊಂಚಲನ್ನು ಮುಗಿಸಿಯೇ ಹೊರಡುತ್ತದೆ.

ನಾನು ಕರಿಬೇವನ್ನು ಗಸಗಸೆಯ ಮೇಲೆ ಇಡುವುದಕ್ಕೆ ಹಣ್ಣಿಗಿಂತ ದೊಡ್ಡ ಕಾರಣ ಅದರ ಎಲೆ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ, ನಮ್ಮದೇ ನೆಲದ ಗಿಡ. ನಿಂಬೆ ಚಿಟ್ಟೆ, ಮಾರ್ಮನ್ ಚಿಟ್ಟೆಗಳು ಅದರ ಚಿಗುರಿನ ಮೇಲೆ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಹುಳು ಮೊದಮೊದಲು ಕಂದು ಬಿಳಿ ಬಣ್ಣದಲ್ಲಿ ಥೇಟ್ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲಾದ ಕೆಂಪು ಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಇಷ್ಟೆಲ್ಲ ರಕ್ಷಣೆಯಿದ್ದರೂ ಅವುಗಳಲ್ಲಿ ಬಹಳಷ್ಟು ಟುವ್ವಿ ಹಕ್ಕಿಯ ಪಾಲಾಗುತ್ತವೆ. ಅಡುಗೆಗೆ ಎಲೆ ಬಿಡಿಸುವಾಗ ಹುಳು ಕಂಡೊಡನೆ ಔಷಧಿ ಹೊಡೆಯುವ ಮನೆಗಳಿವೆ. ಹಕ್ಕಿಗಾಗಿ ಮರ ಬೆಳೆಸುವವರು ಆ ಡಬ್ಬಿಯನ್ನು ಮನೆಗೆ ತರಲೇಬಾರದು. ಹುಳು ತಿಂದ ಎಲೆಗಳ ಜಾಗದಲ್ಲಿ ಹೊಸ ಚಿಗುರು ಬರುತ್ತದೆ, ಮರಕ್ಕೆ ಏನೂ ಆಗುವುದಿಲ್ಲ. ಇದಕ್ಕೆ ಹೋಲಿಸಿದರೆ ದೂರದ ದೇಶಗಳಿಂದ ಬಂದ ಅಲಂಕಾರದ ಮರಗಳ ಎಲೆಯನ್ನು ನಮ್ಮ ಕೀಟಗಳಲ್ಲಿ ತಿನ್ನಬಲ್ಲವು ಕಡಿಮೆ.

ಕರಿಬೇವಿನ ದೋಷಗಳನ್ನೂ ಹೇಳಬೇಕು. ಬುಡದ ಸುತ್ತ ಬೇರಿನಿಂದ ಮರಿಗಳು ಏಳುತ್ತಲೇ ಇರುತ್ತವೆ, ವರ್ಷಕ್ಕೆರಡು ಬಾರಿಯಾದರೂ ಕಿತ್ತು ತೆಗೆಯದಿದ್ದರೆ ಒಂದು ಮರದ ಜಾಗದಲ್ಲಿ ಹಿಂಡು ಬೆಳೆಯುತ್ತದೆ. ಬುಡದಲ್ಲಿ ನೀರು ನಿಂತರೆ ಸೊರಗುತ್ತದೆ. ಮಾಗಿಯ ಚಳಿಯಲ್ಲಿ ಎಲೆ ಹಳದಿಯಾಗಿ ಉದುರುವುದುಂಟು, ಆ ತಿಂಗಳುಗಳಲ್ಲಿ ಹಕ್ಕಿಗಳಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಿಪ್ಪುನೇರಳೆಯನ್ನು ಜೊತೆಗಿಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೇ: ಚಳಿಗಾಲದಲ್ಲಿ ಸವರಿದ ಹಿಪ್ಪುನೇರಳೆ ಬೇಸಿಗೆಯ ಹೊತ್ತಿಗೆ ಹಣ್ಣು ಕೊಟ್ಟರೆ, ಅದು ಮುಗಿಯುವಾಗ ಕರಿಬೇವಿನ ಹೂವು, ಆಮೇಲೆ ಅದರ ಹಣ್ಣು ಬರುತ್ತದೆ.

ಉಳಿದವುಗಳಲ್ಲಿ ಸಂಪಿಗೆಗೆ ನಮ್ಮೂರಿನಲ್ಲಿ ವಿಶೇಷ ಗೌರವವಿದೆ. ಅದರ ಕಾಯಿ ಒಡೆದಾಗ ಕಾಣುವ ಕೆಂಪು ಬೀಜಗಳಿಗಾಗಿ ಕುಟ್ರು, ಗೊರವಂಕ, ಪಿಕಳಾರ ಬರುತ್ತವೆ, ಮಲೆನಾಡಿನ ಹಳೆಯ ಮನೆಗಳ ಮುಂದಿನ ಸಂಪಿಗೆ ಮರಗಳಲ್ಲಿ ಇದನ್ನು ಯಾರೂ ನೋಡಬಹುದು. ಆದರೆ ಬಿಟ್ಟರೆ ಮೂರು ಮಹಡಿಯನ್ನು ಮೀರಿ ಬೆಳೆಯುವ ಮರ ಅದು; ಮೆಸ್ಕಾಂ ತಂತಿಯ ಕೆಳಗೆ ನೆಟ್ಟರೆ ಪ್ರತಿ ವರ್ಷ ತಲೆ ಕಳೆದುಕೊಳ್ಳುತ್ತದೆ. ಶ್ರೀಗಂಧದ ಕಪ್ಪು ಹಣ್ಣನ್ನು ಕೋಗಿಲೆ, ಪಿಕಳಾರಗಳು ಬಹಳ ಇಷ್ಟಪಡುತ್ತವೆ, ಮರವೂ ಸಣ್ಣದು. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಮಾಡಿದ ತಿದ್ದುಪಡಿಯ ನಂತರ ಜಮೀನಿನ ಮಾಲೀಕನೇ ಮರದ ಒಡೆಯನಾಗಿದ್ದಾನೆ, ಕಡಿಯಲು ಮಾತ್ರ ಅನುಮತಿ ಬೇಕು. ಅದು ಬೇರೆ ಗಿಡದ ಬೇರಿನಿಂದ ಆಹಾರ ಪಡೆಯುವ ಗಿಡವಾದ್ದರಿಂದ ಪಕ್ಕದಲ್ಲಿ ಆಸರೆಯ ಗಿಡವೂ ಇರಬೇಕು. ನರ್ಸರಿಯ ಚೀಲದಲ್ಲಿ ಜೊತೆಗಿರುವ ತೊಗರಿ ಅಥವಾ ಹೊನಗೊನ್ನೆಯನ್ನು ಕಳೆಯೆಂದು ತಿಳಿದು ಕಿತ್ತುಹಾಕಿದರೆ ಸಸಿ ಉಳಿಯುವುದು ಕಷ್ಟ. ಮರ ದಪ್ಪಗಾದ ಮೇಲೆ ಕಳ್ಳರ ಭಯವಿರುವುದರಿಂದ ಮನೆಯಂಗಳಕ್ಕೆ ನಾನು ಇದನ್ನು ಹೇಳುವುದಿಲ್ಲ. ಆಸ್ಟ್ರೇಲಿಯದ ಬಾಟಲ್ ಬ್ರಷ್ ಹೂವಿರುವಷ್ಟು ದಿನ ಸೂರಕ್ಕಿಗಳಿಂದ ತುಂಬಿರುತ್ತದೆ, ಗಾತ್ರವೂ ಮಿತವಾದುದು, ಆದರೆ ಮಕರಂದ ಬಿಟ್ಟರೆ ಬೇರೇನನ್ನೂ ಕೊಡುವುದಿಲ್ಲ. ಅದೇ ಸೂರಕ್ಕಿಗೆ ಬೇಲಿಯ ಪಕ್ಕದ ಒಂದು ಕೆಂಪು ದಾಸವಾಳ ಅಥವಾ ಹಿತ್ತಲಿನ ಬಾಳೆಯ ಹೂವು ಸಾಕು.

ಕೊಳ್ಳಲೇಬಾರದ ಎರಡು ಸಸಿಗಳ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ದೊಡ್ಡ ಕಿತ್ತಳೆಗೆಂಪು ಹೂವಿನ ನೀರುಕಾಯಿ ಮರ ಆಫ್ರಿಕದಿಂದ ಬಂದದ್ದು, ಹಲವು ದೇಶಗಳಲ್ಲಿ ಆಕ್ರಮಣಕಾರಿ ಸಸ್ಯವೆಂದು ಗುರುತಾಗಿದೆ; ಅದರ ಹೂವಿನೊಳಗೆ ಮುಜಂಟಿ ಜಾತಿಯ ಜೇನ್ನೊಣಗಳು ಸತ್ತುಬೀಳುವುದು ದಾಖಲಾಗಿದೆ. ಇನ್ನೊಂದು ಕೋನೋಕಾರ್ಪಸ್. ಕಾಂಪೌಂಡಿನ ಮರೆಗೆ ಬೇಗ ಬೆಳೆಯುತ್ತದೆಂದು ಮಾರುವ ಈ ಗಿಡವನ್ನು ನೆಡುವುದನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಹಕ್ಕಿಗೆ ಹಣ್ಣಾಗಲಿ ಮಕರಂದವಾಗಲಿ ಅದರಲ್ಲಿಲ್ಲ.

ಈಗ ಅಂಗಡಿಗಳ ವಿಚಾರ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮುಂಗಾರಿನ ಹೊತ್ತಿಗೆ ಸಾರ್ವಜನಿಕರಿಗೆ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತಾರೆ. ದರ ಗಿಡದ ಜಾತಿಗಿಂತ ಚೀಲದ ಅಳತೆಯ ಮೇಲೆ ನಿಂತಿರುತ್ತದೆ. ಅಲ್ಲಿನ ಸಸಿಗಳು ನೋಡಲು ಸೊಂಪಾಗಿರದಿದ್ದರೂ ಬಿಸಿಲಿನಲ್ಲಿ ಬೆಳೆದು ಗಟ್ಟಿಯಾಗಿರುತ್ತವೆ, ನೆಲಕ್ಕೆ ಬಿದ್ದ ಮೇಲೆ ಬೇಗ ಹಿಡಿದುಕೊಳ್ಳುತ್ತವೆ. ನೇರಳೆ, ಅತ್ತಿ, ಹೊಂಗೆ, ನೆಲ್ಲಿ, ಶ್ರೀಗಂಧ ಧಾರಾಳವಾಗಿ ಸಿಗುತ್ತವೆ. ಅಲ್ಲಿನ ನೌಕರರು ಜಾಗ ಎಷ್ಟಿದೆ ಎಂದು ಕೇಳಿ, ನಮ್ಮ ಉತ್ತರ ಕೇಳಿದ ಮೇಲೆ ಅತ್ತಿಯ ಸಸಿಯನ್ನು ವಾಪಸ್ ಇಡಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಕೊರತೆಯೆಂದರೆ, ಸಣ್ಣ ಅಂಗಳಕ್ಕೆ ಒಗ್ಗುವ ಜಾತಿಗಳು ಅಲ್ಲಿ ಕಡಿಮೆ. ತಡವಾಗಿ ಹೋದರೆ ಇರುವವೂ ಖಾಲಿಯಾಗಿರುತ್ತವೆ.

ಖಾಸಗಿ ನರ್ಸರಿಗಳಲ್ಲಿ ಆಯ್ಕೆ ಹೆಚ್ಚು, ಭರವಸೆ ಕಡಿಮೆ. ಒಂದು ಕಡೆ, “ಅಕ್ಕ, ಇದು ಕಸಿ ಸಂಪಿಗೆ, ಎರಡನೇ ವರ್ಷಕ್ಕೇ ಹೂ ಬಿಡುತ್ತೆ, ಕಣ್ಣು ಮುಚ್ಚಿ ತಗೊಂಡು ಹೋಗಿ” ಎಂದು ಹೇಳಿ ಕೊಟ್ಟ ಗಿಡದ ಕಾಂಡದಲ್ಲಿ ಕಸಿಯ ಗಂಟೇ ಇರಲಿಲ್ಲ; ಮರುದಿನ ಅದನ್ನು ತೋರಿಸಿದಾಗ ಗಿಡ ಬದಲಿಸಿಕೊಟ್ಟರು, ಆದರೆ ಅದೇ ಸಾಲಿನ ಇನ್ನೊಂದು ಬೀಜದ ಗಿಡವನ್ನೇ ಮತ್ತೆ ಕಸಿಯೆಂದು ಕೈಗಿಟ್ಟರು. ಬೀಜದ ಸಂಪಿಗೆ ಹೂವಿಗೆ ಬರಲು ಹಲವು ವರ್ಷ ಬೇಕು, ಕಸಿಯದಕ್ಕೆ ಕೊಡುವ ಬೆಲೆ ಹಲವು ಪಟ್ಟು ಹೆಚ್ಚು. ಹೀಗಾಗಿ ಇದು ಸಣ್ಣ ವಿಷಯವಲ್ಲ. ಇನ್ನೊಂದು ನರ್ಸರಿಯವರು ಇದಕ್ಕೆ ತದ್ವಿರುದ್ಧ. ಹಿರಿಯರೊಬ್ಬರು ನೋಡಿಕೊಳ್ಳುವ ಆ ಜಾಗದಲ್ಲಿ ಗಸಗಸೆಯ ಸಸಿ ಕೇಳಿದಾಗ, “ಎಲ್ಲಿ ನೆಡ್ತೀಯಮ್ಮ, ಗೋಡೆ ಎಷ್ಟು ದೂರ ಇದೆ?” ಎಂದು ವಿಚಾರಿಸಿಯೇ ಮಾತು ಮುಂದುವರಿಸಿದರು, ಕರಿಬೇವಿನಲ್ಲಿ ಬೀಜದ ಸಸಿಯನ್ನೂ ಬೇರುಮರಿಯನ್ನೂ ಬೇರೆ ಬೇರೆಯಾಗಿ ಇಟ್ಟು ಎರಡರ ಗುಣವನ್ನೂ ವಿವರಿಸಿದರು. ಬೀದಿ ಗಾಡಿಗಳಲ್ಲಿ ಬರುವ ಗಿಡಗಳು ಹೆಚ್ಚಾಗಿ ದೂರದ ಊರುಗಳ ದೊಡ್ಡ ನರ್ಸರಿಗಳಿಂದ ಲಾರಿಯಲ್ಲಿ ಬಂದವು. ನೆರಳಿನ ಬಲೆಯ ಕೆಳಗೆ ಬೆಳೆದ ಆ ಸೊಂಪು ಎಲೆಗಳು ನಮ್ಮ ಗಾಳಿಮಳೆಗೆ ಒಂದೇ ವಾರದಲ್ಲಿ ಉದುರುತ್ತವೆ. ಹೂವಿನ ಕುಂಡಗಳಿಗೆ ಪರವಾಗಿಲ್ಲ, ಮರಕ್ಕಾಗಿ ಅಲ್ಲಿ ಹಣ ಹಾಕಬೇಡಿ.

ಎಲ್ಲಿ ಕೊಂಡರೂ ಚೀಲದ ತಳವನ್ನು ತಿರುಗಿಸಿ ನೋಡಬೇಕು. ತೂತುಗಳಿಂದ ದಪ್ಪ ಬೇರು ಹೊರಬಂದು ನೆಲಕ್ಕಿಳಿದಿದ್ದರೆ, ಅಥವಾ ಒಳಗೆ ಬೇರು ಚಕ್ಕುಲಿ ಸುತ್ತಿಕೊಂಡಿದ್ದರೆ ಆ ಗಿಡ ಎಷ್ಟು ಎತ್ತರವಿದ್ದರೂ ಬೇಡ. ಅದಕ್ಕಿಂತ ಗೇಣುದ್ದದ ಎಳೆಯ ಸಸಿ ಮೇಲು. ಗಿಡಕ್ಕೆ ಏನು ಔಷಧಿ ಹೊಡೆದಿದ್ದಾರೆಂದು ಕೇಳಬೇಕು. ಬೇರಿನ ಮೂಲಕ ಮೈಯೆಲ್ಲ ಸೇರುವ ಕೀಟನಾಶಕ ಹಾಕಿದ್ದರೆ ಆ ಎಲೆ ತಿಂದ ಹುಳುವಿಗೂ, ಆ ಹೂವಿಗೆ ಬಂದ ಜೇನಿಗೂ ಅಪಾಯ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡದ ಕಡೆ ಕೊಳ್ಳದಿರುವುದೇ ಲೇಸು.

ನೆಡುವ ಕಾಲ ಮೃಗಶಿರ ಮಳೆ. ಅದಕ್ಕೂ ಮುಂಚೆ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಬೇಕು. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದ ಮೇಲೆ ಉಳಿದ ಜಲ್ಲಿ, ಸಿಮೆಂಟಿನ ಚೂರುಗಳ ಮೇಲೆಯೇ ಮಣ್ಣು ಹರಡಿರುತ್ತಾರೆ. ಅದನ್ನು ಅಗೆದು ತೆಗೆಯದಿದ್ದರೆ ಕರಿಬೇವಂತೂ ಮೇಲೇಳುವುದಿಲ್ಲ. ಗೋಡೆಯಿಂದ ಆರಡಿಯಾದರೂ ದೂರವಿರಲಿ. ಮೂಡಿಗೆರೆ, ಕೊಪ್ಪದ ಕಡೆಯ ಜೋರು ಮಳೆಯ ಊರುಗಳಲ್ಲಿ ಕರಿಬೇವನ್ನು ಗುಂಡಿಗಿಂತ ಮಣ್ಣಿನ ದಿಬ್ಬದ ಮೇಲೆ ನೆಡಬೇಕು, ಅಲ್ಲಿ ಅದು ಸೊರಗಿದರೆ ಪನ್ನೇರಳೆಯನ್ನು ನೋಡಬಹುದು. ಅದರ ಹೂವಿಗೂ ಹಣ್ಣಿಗೂ ಹಕ್ಕಿ, ಬಾವಲಿಗಳು ಬರುತ್ತವೆ, ತೇವವನ್ನೂ ತಾಳುತ್ತದೆ. ಕಡೂರು, ತರೀಕೆರೆಯ ಒಣ ಕಡೆಯವರಿಗೆ ಕರಿಬೇವು ಯೋಚನೆಯಿಲ್ಲದೆ ಒಗ್ಗುತ್ತದೆ, ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೆರಡು ಸಲ ನೀರು ಬೇಕು. ಬೆಕ್ಕಿರುವ ಮನೆಯವರು ಮರದ ಕೆಳಗೆ ನೀರಿನ ಬಟ್ಟಲಿಡದೆ, ಬಯಲಿನಲ್ಲಿ ಎದೆಯೆತ್ತರದ ಕಂಬದ ಮೇಲೆ ಇಡಬೇಕು.

ಬೆಲೆಯ ವಿಷಯದಲ್ಲಿ ಕೊನೆಯ ಮಾತೊಂದಿದೆ. ಕರಿಬೇವಿನ ಬೇರುಮರಿಯನ್ನು ಯಾರ ಮನೆಯಿಂದಲೂ ಕೇಳಿ ತರಬಹುದು, ಬೇರಿನ ತುಂಡು ಸ್ವಲ್ಪ ಉಳಿಯುವಂತೆ ಮಳೆಗಾಲದಲ್ಲಿ ಅಗೆದು ತಂದರೆ ಬದುಕುತ್ತದೆ. ಬೀಜದಿಂದಲೇ ಬೆಳೆಸುವುದಾದರೆ ಹಣ್ಣು ಕಪ್ಪಾದ ವಾರದಲ್ಲೇ ತಿರುಳು ತೊಳೆದು ಹಾಕಬೇಕು, ಒಣಗಿಸಿಟ್ಟ ಬೀಜ ಬೇಗ ಸತ್ತುಹೋಗುತ್ತದೆ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಕರಿಬೇವಿನ ಬೀಜವನ್ನು ನಾನು ಕೊಳ್ಳುವುದಿಲ್ಲ, ಕೊಳ್ಳಿ ಎಂದು ಯಾರಿಗೂ ಹೇಳುವುದೂ ಇಲ್ಲ.